ಕೋರ್ವಳ್ಳಿಯ ಸೂತಕ

ಫ್ರಾನ್ಸ್ ದೇಶದಲ್ಲಿ ಸತ್ತವರಿಗಾಗಿ ಮೂಡಲಪಾಳ್ಯದಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದವರನ್ನು ನಾನು ನನ್ನ ಜೀವಮಾನದಲ್ಲಿ ಒಬ್ಬರನ್ನೇ ಕಂಡಿದ್ದು. ಅವರು ಈಗಿಲ್ಲ. ಇದ್ದಿದ್ದರೆ ಇದನ್ನು ಬರೆಯಲು ಬಿಡುತ್ತಿರಲಿಲ್ಲ. "ನನ್ನ ವಿಷಯ ಏನಿದೆ ಮಿಸ್, ಊರಿನ ವಿಷಯ ಬರೀರಿ" ಅನ್ನುತ್ತಿದ್ದರು. ಊರು ಅಂದರೆ ಅವರು ಹುಟ್ಟಿದ ಊರಲ್ಲ, ಕಣ್ಣಲ್ಲಿ ಕಂಡ ಊರೂ ಅಲ್ಲ. ಆ ಊರು ಅವರಿಗೆ ಗಂಟುಬಿದ್ದದ್ದು ನನ್ನಿಂದ.

ನಾನು ಫ್ರೆಂಚ್ ಟ್ಯೂಷನ್ ಹೇಳುವವಳು. ಬೆಂಗಳೂರಿನ ಆರ್‌ಪಿಸಿ ಲೇಔಟಿನಲ್ಲಿ ಹುಟ್ಟಿ, ಮದುವೆಯಾಗಿ ಹತ್ತಿರದ ಮೂಡಲಪಾಳ್ಯಕ್ಕೆ ಬಂದೆ. ನಾನು ಮಾಡಿರುವ ಪ್ರವಾಸ ಬಹುಮಟ್ಟಿಗೆ ಅಷ್ಟೇ. ಫ್ರಾನ್ಸ್ ನೋಡಿಲ್ಲ, ನೋಡುವ ಲಕ್ಷಣವೂ ಇಲ್ಲ. ನಮ್ಮ ಏರಿಯಾದಲ್ಲಿ ಫ್ರೆಂಚ್ ಅನ್ನುವುದು ಭಾಷೆಯಲ್ಲ, ಸ್ಕೋರಿಂಗ್ ಸಬ್ಜೆಕ್ಟು. ಮಕ್ಕಳು ತೊಂಬತ್ತರ ಮೇಲೆ ಮಾರ್ಕ್ಸ್ ತೆಗೆದು, ಪರೀಕ್ಷೆ ಮುಗಿದ ಸಂಜೆಗೆ ಎಲ್ಲ ಮರೆತು ಪಾನಿಪುರಿ ತಿನ್ನಲು ಹೋಗುತ್ತಾರೆ. ನನಗೆ ಅದರಲ್ಲಿ ಬೇಜಾರಿಲ್ಲ. ಅವರೆಲ್ಲ ನೆನಪಿಟ್ಟುಕೊಂಡು ಬಂದು ನನ್ನ ಜೊತೆ ಫ್ರೆಂಚಿನಲ್ಲಿ ಮಾತಿಗೆ ನಿಂತರೆ ನನ್ನ ಬಂಡವಾಳ ಬಯಲಾಗುತ್ತದೆ.

ಪ್ರತಿ ವರ್ಷ ಸ್ಕೂಲಿನಲ್ಲಿ ಒಂದು ಪ್ರಾಜೆಕ್ಟ್ ಕೊಡುತ್ತಾರೆ: ಫ್ರೆಂಚ್ ಮಾತಾಡುವ ಒಂದು ಚಿಕ್ಕ ಹಳ್ಳಿ, ಅದರ ಇತಿಹಾಸ, ಅದರ ಜನಸಂಖ್ಯೆ, ಒಂದು ಚಾರ್ಟು, ಸಾಧ್ಯವಾದರೆ ಒಂದು ಥರ್ಮಕೋಲ್ ಮಾಡೆಲ್ಲು. ಹಿಂದೆ ಎಲ್ಲರೂ ಒಂದೇ ಊರಿನ ಬಗ್ಗೆ ಒಬ್ಬರದನ್ನೊಬ್ಬರು ನೋಡಿ ಬರೆಯುತ್ತಿದ್ದರು. ನಾನೊಂದು ಉಪಾಯ ಹೂಡಿದೆ. ಫ್ರಾನ್ಸಿನ ದೊಡ್ಡ ಮ್ಯಾಪ್ ಹರಡಿ, ನಾನು ಕಣ್ಣುಮುಚ್ಚಿ ಪೆನ್ನು ಇಡುವುದು. ಯಾರ ಸರದಿಗೆ ಪೆನ್ನು ಎಲ್ಲಿ ಬೀಳುತ್ತದೋ ಅದೇ ಅವರ ಊರು. ಹಾಗೆ ನಮ್ಮ ಹಿಂದಿನ ಕ್ರಾಸಿನ ಹುಡುಗಿಯೊಬ್ಬಳ ಪಾಲಿಗೆ ಬಂದದ್ದು ಕೋರ್ವಿಯೆಲ್ ಎಂಬ ಬೆಟ್ಟದ ಹಳ್ಳಿ. ಅವಳು ಇಂಟರ್ನೆಟ್ಟಿನಿಂದ ಸಿಕ್ಕಿದ್ದನ್ನು ಇಳಿಸಿಕೊಂಡು ತಾತನ ಕೈಗೆ ಕೊಟ್ಟಳು. ನಮ್ಮ ಕಡೆ ಪ್ರಾಜೆಕ್ಟ್ ಮಾಡುವವರು ತಾತಂದಿರೇ.

ಆ ತಾತ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ರಿಟೈರ್ ಆದವರು. ಒಂದು ಭಾನುವಾರ ಬೆಳಿಗ್ಗೆ ನಾನು ಪಾಠ ಮಾಡುತ್ತಿದ್ದಾಗ ಬಾಗಿಲಲ್ಲಿ ನಿಂತರು. ಸಣ್ಣ ಆಳು, ಎಡಗಡೆಗೆ ಸ್ವಲ್ಪ ವಾಲಿದ ಭುಜ. ಮೊದಲು ಬೆರಳಾಡಿಸಿ ಒಳಗಿದ್ದ ಮಕ್ಕಳ ತಲೆ ಎಣಿಸಿದರು. ಯಾವ ಮನೆಗೆ ಹೋದರೂ, ಮದುವೆಯಾಗಲಿ ಸಾವಾಗಲಿ, ಎಣಿಸಿ ಮುಗಿದ ಮೇಲೆಯೇ ಅವರ ಮಾತು.

"ನೀವು ಫ್ರೆಂಚ್ ಮಿಸ್ ಅಲ್ವಾ? ಆ ಊರಲ್ಲಿ ಬರೀ ಇಳೀತಾನೇ ಇದಾರಲ್ಲ ಮಿಸ್. ಹತ್ತೋರೇ ಇಲ್ಲ. ಯಾಕೆ?"

ನನಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು, ಅವರ ಲೆಕ್ಕದಲ್ಲಿ ಹುಟ್ಟುವುದು ಅಂದರೆ ಹತ್ತುವುದು, ಸಾಯುವುದು ಅಂದರೆ ಇಳಿಯುವುದು. ಜನಸಂಖ್ಯೆಯನ್ನು ಅವರು ಬಸ್ಸಿನಲ್ಲಿ ಅಳೆಯುತ್ತಿದ್ದರು. ಒಂದು ಕಾಲಕ್ಕೆ ಕೋರ್ವಿಯೆಲ್‌ನಲ್ಲಿ ಏಳೆಂಟು ಬಸ್ಸು ಜನವಿದ್ದರು. ಈಗ ಒಂದೇ ಬಸ್ಸು. ಸೀಟು ಭರ್ತಿ, ಒಂದಷ್ಟು ಸ್ಟ್ಯಾಂಡಿಂಗು.

"ಇಡೀ ಊರು ನನ್ನ ಒಂದು ಟ್ರಿಪ್ಪಿಗೆ ಆಗತ್ತೆ. ನಮ್ಮ ಕ್ರಾಸಲ್ಲೇ ಅದಕ್ಕಿಂತ ಜಾಸ್ತಿ ಜನ ಇದೀವಿ."

"ಹಳ್ಳಿಗಳು ಎಲ್ಲ ಕಡೆ ಹಾಗೇ ಸಾರ್. ಪ್ರಾಜೆಕ್ಟಿಗೆ ಇಷ್ಟು ಸಾಕು."

"ಪ್ರಾಜೆಕ್ಟಿಗೆ ಸಾಕು" ಅಂದು ಅವರು ಕೂತೇಬಿಟ್ಟರು.

ಮಾಡೆಲ್ಲನ್ನು ಅವರೇ ಕೂತು ಮಾಡಿದರು. ಚರ್ಚು, ನೀರಿನ ಗಿರಣಿ, ದನದ ಕೊಟ್ಟಿಗೆ ಎಲ್ಲ ಫೋಟೋ ನೋಡಿಕೊಂಡು ಸರಿಯಾಗಿಯೇ ಕತ್ತರಿಸಿದ್ದರು. ಜೊತೆಗೆ ಊರಿನ ಬಾಗಿಲಿಗೆ ಒಂದು ಸ್ವಾಗತ ಕಮಾನು, ಮುಂದೆ ಒಂದು ಬಸ್ ಶೆಲ್ಟರು. ನಿಜವಾದ ಊರಿನಲ್ಲಿ ಇವೆರಡೂ ಇರಲಿಲ್ಲ. ವಾರಕ್ಕೊಂದು ದಿನ, ಸಂತೆಗೆ ಹೋಗಲು ಒಂದು ಮಿನಿ ಬಸ್ಸು ಬರುತ್ತದೆ ಎಂದು ನಾನು ಓದಿ ಹೇಳಿದಾಗ ಅವರಿಗೆ ನಿಜವಾಗಿಯೂ ಬೇಜಾರಾಯಿತು. ಬೇಕರಿಯೂ ಮುಚ್ಚಿ ಹೋಗಿ ಬ್ರೆಡ್ಡು ವ್ಯಾನಿನಲ್ಲಿ ಬರುತ್ತಿತ್ತು. ಮೊಮ್ಮಗಳಿಗೆ ಒಳ್ಳೆ ಮಾರ್ಕ್ಸ್ ಬಂತು. ಅವಳು ಕೋರ್ವಿಯೆಲ್ಲನ್ನು ಮರೆತಳು. ಮಾಡೆಲ್ಲು ಮಾತ್ರ ಆ ವರ್ಷದ ದಸರಾದಲ್ಲಿ ಬೊಂಬೆ ಮೆಟ್ಟಿಲು ಹತ್ತಿತು. ಪಟ್ಟದ ಗೊಂಬೆಗಳ ಕೆಳಗೆ, ಶೆಟ್ಟರ ಅಂಗಡಿಯ ಪಕ್ಕದಲ್ಲಿ ಒಂದು ಫ್ರೆಂಚ್ ಪಂಚಾಯಿತಿ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಅದು ಯಾವ ಕ್ಷೇತ್ರ ಅಂತ ಕೇಳಿ ಕೈ ಮುಗಿದು ಹೋದರು. ಊರಿನ ಹೆಸರು ಅವರ ಬಾಯಲ್ಲಿ ಕೋರ್ವಳ್ಳಿ ಆಯಿತು.

ಆ ಊರಿನ ಪಂಚಾಯಿತಿಯವರು ತಮ್ಮ ವೆಬ್‌ಸೈಟಿನಲ್ಲಿ ತಿಂಗಳಿಗೊಂದು ಸುದ್ದಿಪತ್ರ ಹಾಕುತ್ತಿದ್ದರು. ಹಿಮ ತೆಗೆಯುವ ಗಾಡಿ ಯಾವ ದಿನ ಬರುತ್ತದೆ, ಯಾರ ಬೆಕ್ಕು ಕಾಣೆಯಾಗಿದೆ, ಯಾರು ಹುಟ್ಟಿದರು, ಯಾರು ತೀರಿಕೊಂಡರು, ಇಷ್ಟೇ. ಕಂಡಕ್ಟರ್ ತಾತ ಅದನ್ನು ಫೋನಿನಲ್ಲಿ ತೆರೆದು ಫೋಟೋಗಳನ್ನು ನೋಡುತ್ತಿದ್ದರು. ಒಂದು ತಿಂಗಳು ಅದರಲ್ಲಿ ಒಬ್ಬ ಅಜ್ಜಿಯ ಫೋಟೋ ಬಂತು. ನಗುಮುಖ, ಸುತ್ತಲೂ ಹೂವಿನ ಅಲಂಕಾರ, ಕೆಳಗೆ ಹೆಸರು. ನಮ್ಮಲ್ಲಿ ಫೋಟೋ ಸುತ್ತ ಹೂವು ಬಂದರೆ ಅದಕ್ಕೆ ಒಂದೇ ಅರ್ಥ. ತಾತ ಎದ್ದು ಹೋಗಿ ತಲೆಗೆ ನೀರು ಹಾಕಿಕೊಂಡರು.

ಅವರ ಹೆಂಡತಿಗೆ ಸಿಟ್ಟು ಬಂದದ್ದು ಸಹಜ. ಬಹಳ ನೇರ ಮಾತಿನ ಹೆಂಗಸು. ಆ ಕತೆಯನ್ನು ನನಗೆ ಹೇಳಿದ್ದು ಅವರೇ.

"ಗೀಸರ್ ಹಾಕಿದ್ರು ಮಿಸ್. ನಾನು ಆಫ್ ಮಾಡ್ದೆ. ನಮ್ಮೋರಿಗಾದ್ರೆ ಬಿಸಿನೀರು, ಫ್ರಾನ್ಸಿನೋರಿಗೆ ತಣ್ಣೀರು ಸಾಕು ಅಂದೆ. ತಣ್ಣೀರಲ್ಲೇ ಮಾಡ್ಕೊಂಡು ಬಂದ್ರು, ಮಾತಾಡ್ದೆ."

ಮುಂದಿನ ತಿಂಗಳ ಸುದ್ದಿಪತ್ರದಲ್ಲಿ ಅದೇ ಅಜ್ಜಿ ಕೇಕ್ ಕತ್ತರಿಸುತ್ತಿದ್ದರು. ತಾತ ಗಾಬರಿಯಾಗಿ ಫೋನು ಹಿಡಿದು ನನ್ನಲ್ಲಿಗೆ ಬಂದರು. ನಾನು ಹಿಂದಿನದನ್ನು ಓದಿ ನೋಡಿದೆ. ಆಕೆ ಸತ್ತಿರಲಿಲ್ಲ, ಊರಿನ ಹೂದೋಟ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದಿದ್ದರು. ನನಗೆ ನಗು ತಡೆಯಲು ಆಗಲಿಲ್ಲ. ತಾತನೂ ನಕ್ಕರು, ಆದರೆ ಅವರದು ಬೇರೆ ನಗು. ಇಳಿದರು ಅಂದುಕೊಂಡವರು ಇನ್ನೂ ಸೀಟಿನಲ್ಲೇ ಇದ್ದಾರಲ್ಲ ಎಂಬ ಸಮಾಧಾನ. ಇನ್ನು ಮೇಲೆ ಪ್ರತಿ ತಿಂಗಳು ನಾನೇ ಓದಿ ಹೇಳಬೇಕು ಎಂದು ಅವತ್ತೇ ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಓದತೊಡಗಿದ ಮೇಲೆ ನನಗೇ ಗೊತ್ತಿಲ್ಲದೆ ನಾನೂ ಅದರಲ್ಲಿ ಸಿಕ್ಕಿಕೊಂಡೆ. ಯಾರಾದರೂ ಹುಟ್ಟಿದರೆ ತಾತ ಟೀ ಅಂಗಡಿಯಲ್ಲಿ ಕಲ್ಲುಸಕ್ಕರೆ ಹಂಚುತ್ತಿದ್ದರು. ಯಾರಾದರೂ ತೀರಿಕೊಂಡರೆ ಸ್ನಾನ. ಒಮ್ಮೆ ಗಿರಣಿಯ ಮುದುಕ ಹೋದಾಗ, "ನಾವು ಸ್ನಾನ ಮಾಡಿದೀವಿ ಅಂತ ಅವರಿಗೆ ತಿಳಿಸಿ ಮಿಸ್" ಎಂದು ಹಟ ಹಿಡಿದರು. ನಾನು ಪಂಚಾಯಿತಿಗೆ ಈಮೇಲ್ ಬರೆದೆ: ನಿಮ್ಮ ಗಿರಣಿಯವರು ತೀರಿಕೊಂಡ ಸುದ್ದಿ ತಿಳಿದು ಬೆಂಗಳೂರಿನಲ್ಲಿ ನಾವು ಸ್ನಾನ ಮಾಡಿದ್ದೇವೆ. ಅಲ್ಲಿಯ ಕಾರ್ಯದರ್ಶಿ ಒಬ್ಬ ಹೆಂಗಸು, ವಾರಕ್ಕೆರಡು ಬೆಳಿಗ್ಗೆ ಮಾತ್ರ ಕಚೇರಿಗೆ ಬರುವವಳು. ಅವಳ ಉತ್ತರ ಬಂತು: ತಾವು ಸ್ನಾನ ಮಾಡಿದ್ದು ತಿಳಿದು ನಮ್ಮ ಪಂಚಾಯಿತಿಗೆ ಸಂತೋಷವಾಗಿದೆ.

ಆಮೇಲೆ ನಾನು ಕೂತು ವಿವರವಾಗಿ ಬರೆಯಬೇಕಾಯಿತು. ನಮ್ಮಲ್ಲಿ ತಮ್ಮವರು ಸತ್ತ ಸುದ್ದಿ ಬಂದರೆ ತಲೆಗೆ ಸ್ನಾನ ಮಾಡುತ್ತಾರೆ, ದೂರದವರಿಗಾದರೆ ತಣ್ಣೀರಿನಲ್ಲಿ, ಹೂವಿನ ಬಹುಮಾನದ ಅಜ್ಜಿಗೂ ಇವರು ತಪ್ಪಾಗಿ ಒಂದು ಸ್ನಾನ ಮಾಡಿದ್ದಾರೆ, ಎಲ್ಲವನ್ನೂ ಬರೆದೆ. ತಣ್ಣೀರು ಅನ್ನುವುದು ನಮ್ಮ ಸಂಪ್ರದಾಯವಲ್ಲ, ಆ ಮನೆಯಮ್ಮನ ಆಜ್ಞೆ ಎಂದು ಬರೆಯಲು ಹೋಗಲಿಲ್ಲ. ಫ್ರೆಂಚಿನಲ್ಲಿ ಅಷ್ಟೆಲ್ಲ ಬರೆಯುವುದು ಸುಲಭವಲ್ಲ.

ತಾತನ ಹೆಂಡತಿ, ನಾನು ಅಮ್ಮ ಅನ್ನುತ್ತಿದ್ದವರು, ಮಾತ್ರ ಜಗ್ಗಲಿಲ್ಲ. ಒಮ್ಮೆ ನನ್ನೆದುರಿಗೇ ಕೇಳಿದರು.

"ಇಷ್ಟೆಲ್ಲಾ ಮಾಡ್ತೀರಲ್ಲ, ನಾಳೆ ನೀವು ಹೋದ್ರೆ ಅವರಲ್ಲಿ ಯಾವನು ತಲೆಗೆ ನೀರು ಹಾಕ್ಕೋತಾನೆ?"

ತಾತ ಟವಲಿನಿಂದ ಕಿವಿ ಒರೆಸಿಕೊಳ್ಳುತ್ತಾ, "ಅಲ್ಲಿ ಚಳಿ ಕಣೇ" ಅಂದರು.

ಆ ಊರಿನ ನಡುವೆ ಒಂದು ಕಲ್ಲಿದೆ. ಎತ್ತರದ ಕಂಬ, ಅದರ ಮೇಲೆ ಸಾಲಾಗಿ ಕೆತ್ತಿದ ಹೆಸರುಗಳು. ತಾತನಿಗೆ ಆ ಕಲ್ಲಿನ ಮೇಲೆ ಬಹಳ ಗೌರವವಿತ್ತು. ನಮ್ಮ ದೇವಸ್ಥಾನಗಳಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತಿಸುವುದು ಯಾರಿಗೆ ಅಂತ ಎಲ್ಲರಿಗೂ ಗೊತ್ತು. ಟ್ಯೂಬ್‌ಲೈಟಿನ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ, ಗಂಟೆಯ ಮೇಲೆ ಕೂಡ ದಾನಿಗಳ ಹೆಸರಿರುತ್ತದೆ. ತಾತ ಅವರನ್ನು ಕೋರ್ವಳ್ಳಿಯ ದಾನಿಗಳು ಅಂತಲೇ ತಿಳಿದಿದ್ದರು. ಥರ್ಮಕೋಲ್ ಊರಿನಲ್ಲೂ ಒಂದು ಕಂಬ ನಿಲ್ಲಿಸಿ ದಾನಿಗಳು ಎಂದು ಕನ್ನಡದಲ್ಲಿ ಬರೆದಿದ್ದರು.

ಒಂದು ದಿನ ಹೇಳಿದರು, "ಒಂದೇ ಮನೆತನದ ಹೆಸರು ಮೂರು ನಾಕು ಸಲ ಬರತ್ತೆ ನೋಡಿ. ಅಣ್ಣತಮ್ಮಂದಿರು ಎಲ್ಲರೂ ಕೊಟ್ಟಿದಾರೆ. ದೊಡ್ಡ ಮನೆ ಇರ್ಬೇಕು."

ನಾನು ಫೋಟೋ ದೊಡ್ಡದು ಮಾಡಿ ಮೇಲಿನ ಸಾಲು ಓದಿದೆ. ಹೇಳಲೋ ಬೇಡವೋ ಎಂದು ಅದನ್ನೇ ಇನ್ನೊಮ್ಮೆ ಓದಿದೆ.

"ಇವರು ದಾನಿಗಳಲ್ಲ ಸಾರ್. ಹಿಂದೆ ದೊಡ್ಡ ಯುದ್ಧ ಆಯ್ತಲ್ಲ, ಅದಕ್ಕೆ ಹೋಗಿ ಸತ್ತ ಊರಿನ ಹುಡುಗರು."

ಅವರು ಫೋನನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಬೆರಳಿನಲ್ಲಿ ಒಂದೊಂದೇ ಹೆಸರನ್ನು ಎಣಿಸಿದರು. ಎಣಿಸಿ ಮುಗಿಸಿ, "ಅಲ್ಲಿಂದೀಚೆಗೆ ಬಸ್ಸು ತುಂಬಲೇ ಇಲ್ಲ" ಅಂದರು. ಸಂಜೆ ಅಮ್ಮ ಫೋನು ಮಾಡಿದರು, "ಏನ್ ಓದಿ ಹೇಳಿದ್ರಿ ಮಿಸ್? ಒಂದು ಬಕೆಟ್ ಸಾಲಲ್ಲ ಅಂತ ಸಿಂಟೆಕ್ಸ್ ಟ್ಯಾಂಕಿನ ನಲ್ಲೀನೇ ತಿರುಗಿಸ್ಕೊಂಡು ಕೂತಿದಾರೆ" ಅಂತ. ನನಗೆ ನಗು ಬಂತು, ಫೋನಿಟ್ಟ ಮೇಲೆ ಅಳುವೂ ಬಂತು. ನನ್ನ ಪೆನ್ನು ಹಾಗೆ ಕಣ್ಣುಮುಚ್ಚಿ ಬಿದ್ದ ಊರಿಗೆ ಇಷ್ಟೊಂದು ಹಿಂದುಮುಂದು ಇರುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಕಷ್ಟ ಶುರುವಾದದ್ದು ಹೋದ ಚಳಿಗಾಲದ ಮೊದಲಲ್ಲಿ. ಆ ತಿಂಗಳ ಸುದ್ದಿಪತ್ರದ ಮೊದಲ ಪುಟದಲ್ಲೇ ಮೇಯರ್ ಬರೆದಿದ್ದರು. ಜನ ಕಡಿಮೆಯಾಗಿದ್ದಾರೆ, ಪಂಚಾಯಿತಿ ನಡೆಸುವುದು ಕಷ್ಟವಾಗಿದೆ, ಆದ್ದರಿಂದ ಕೋರ್ವಿಯೆಲ್ಲನ್ನು ಕೆಳಗಿನ ಪಟ್ಟಣದ ಜೊತೆ ಸೇರಿಸಬೇಕೇ ಬೇಡವೇ ಎಂದು ಊರಿನವರು ಮತದ ಚೀಟಿ ಹಾಕಿ ತಿಳಿಸಬೇಕು. ಸೇರಿದರೆ ಊರಿನ ಹೆಸರು ಇರುವುದಿಲ್ಲ, ಪಟ್ಟಣದ ಹೆಸರೇ ಇದಕ್ಕೂ.

ಓದಿ ಹೇಳಿದಾಗ ತಾತನ ಮುಖ ಸಣ್ಣದಾಯಿತು.

"ಹೆಸರು ಹೋಗಬಾರದು ಮಿಸ್. ಬೇರೆ ಏನ್ ಬೇಕಾದ್ರೂ ಮಾಡ್ಕೊಳ್ಳಲಿ."

ಅವರು ಹುಟ್ಟಿದ ಊರಿನ ಬಗ್ಗೆ ಬಾಯಿಬಿಟ್ಟದ್ದು ಅವತ್ತೇ ಮೊದಲು. ನಾಗರಬಾವಿಯ ಕಡೆ ಒಂದು ಸಣ್ಣ ಪಾಳ್ಯ. ಇವರ ಬಸ್ಸೇ ಅಲ್ಲಿಗೆ ಹೋಗುತ್ತಿತ್ತು. ವರ್ಷಗಟ್ಟಲೆ ತನ್ನ ಊರಿನ ಹೆಸರನ್ನು ತಾನೇ ಕೂಗಿ ಜನರನ್ನು ಇಳಿಸಿದ ಮನುಷ್ಯ. ಒಂದು ದಿನ ಊರು ಸಿಟಿಗೆ ಸೇರಿತು, ಲೇಔಟ್ ಆಯಿತು, ಸ್ಟಾಪಿನ ಹೆಸರು ಬದಲಾಯಿತು. ನಾಳೆಯಿಂದ ಸೆಕೆಂಡ್ ಸ್ಟೇಜ್ ಅಂತ ಕೂಗಬೇಕು ಎಂದು ಡಿಪೋದಲ್ಲಿ ಹೇಳಿದರು. ಇವರು ಕೂಗಿದರು.

"ನಿಮ್ಮೂರಲ್ಲಿ ಯಾರೂ ಬೇಡ ಅನ್ನಲಿಲ್ವಾ ಸಾರ್?"

"ಬೇಡಾನಾ? ಪಟಾಕಿ ಹೊಡೆದ್ವಿ ಮಿಸ್. ನಾನೇ ಹೋಗಿ ತಂದಿದ್ದೆ. ಕಾರ್ಪೊರೇಷನ್ ನೀರು ಬರತ್ತೆ ಅಂತ."

"ಬಂತಾ?"

"ಬಂತು. ವಾರಕ್ಕೆರಡು ಸಲ."

ಊರಿನವರಷ್ಟೇ ಚೀಟಿ ಹಾಕಬಹುದು ಎಂದು ಸುದ್ದಿಪತ್ರದಲ್ಲಿ ಸ್ಪಷ್ಟವಾಗಿತ್ತು. ತಾತ ಟೀ ಅಂಗಡಿಯಲ್ಲಿ ಇದನ್ನು ಚರ್ಚೆಗೆ ಇಟ್ಟರು. ನಮ್ಮ ಕ್ರಾಸಿನ ಪಿಜಿಯಲ್ಲಿ ಉತ್ತರ ಕರ್ನಾಟಕದ ಡೆಲಿವರಿ ಹುಡುಗರಿದ್ದಾರೆ, ಆರ್ಡರ್ ಬರುವವರೆಗೆ ಅಲ್ಲೇ ಕೂತಿರುತ್ತಾರೆ. ಕೋರ್ವಳ್ಳಿಯ ಕಲ್ಲುಸಕ್ಕರೆ ತಿಂದು ಬೆಳೆದವರು. ತಮಾಷೆ ಏನೆಂದರೆ ಅದೇ ವಾರ ನಮ್ಮ ವಾರ್ಡನ್ನೇ ಎತ್ತಿ ಬೇರೆ ಕಚೇರಿಗೆ ಸೇರಿಸಿದ್ದರು, ಕಂಬದ ಮೇಲೆ ಹೊಸ ಬೋರ್ಡು ಬಂದಿತ್ತು. ಅದರ ಕೆಳಗೇ ಕೂತು ಎಲ್ಲರೂ ಫ್ರಾನ್ಸಿನ ಊರಿನ ಗತಿ ಏನು ಎಂದು ತಲೆ ಕೆಡಿಸಿಕೊಂಡಿದ್ದರು. ಬೋರ್ಡನ್ನು ಯಾರೂ ನೋಡಿರಲಿಲ್ಲ.

"ಚೀಟಿ ಹಾಕಾಕ ಬರೂದಿಲ್ಲ ಅಂದ್ರ ಏನರ ಕಳಸ್ರೀ ಕಾಕಾ" ಅಂದ ಒಬ್ಬ ಹುಡುಗ. "ನಾವು ನಿಮ್ಮ ಕಡೆ ಅದೀವಿ ಅಂತ ಗೊತ್ತರ ಆಗ್ಲಿ."

"ಏನ್ ಕಳಿಸೋದಪ್ಪಾ?"

"ಏನರ. ಪಿನ್‌ಕೋಡ್ ಐತಿಲ್ರೀ ಆ ಊರಿಗೆ?"

ಪಿನ್‌ಕೋಡ್ ಇತ್ತು. ಮಾರನೇ ದಿನ ತಾತ ವಿಜಯನಗರದ ಪಾತ್ರೆ ಅಂಗಡಿಗೆ ಹೊರಟರು, ನನ್ನನ್ನೂ ಹೊರಡಿಸಿದರು. ಅರ್ಧ ಗಂಟೆ ಹುಡುಕಿ, ಚಕ್ಕುಲಿ ಕೋಡುಬಳೆ ಹಾಕಿಡುವಂಥ ಒಂದು ದೊಡ್ಡ ಸ್ಟೀಲ್ ಡಬ್ಬ ಆರಿಸಿದರು. ಅದರ ಮೇಲೆ ಹೆಸರು ಹಾಕಿಸಬೇಕಿತ್ತು. ಅಂಗಡಿಯವನು ಕೊರೆಯುವ ಮಿಷನ್ನು ಕೈಗೆತ್ತಿಕೊಂಡು, "ಮದುವೆಗಾ ಗೃಹಪ್ರವೇಶಕ್ಕಾ ಸಾರ್?" ಎಂದು ಕೇಳಿದ.

"ಎರಡೂ ಅಲ್ಲ. ಊರಿಗೆ."

"ಊರಿಗೆ ಅಂದ್ರೆ, ಹಬ್ಬಕ್ಕಾ?"

"ಊರಿಗೇ ಕಣಪ್ಪಾ. ಕೋರ್ವಿಯೆಲ್ ಊರಿಗೆ ಮೂಡಲಪಾಳ್ಯದವರಿಂದ. ಬರಿ."

ಅವನು ಬರೆದ. ಮಿಷನ್ನು ಗುರ್ ಅನ್ನುತ್ತಿರುವಾಗ ನನ್ನ ಮನಸ್ಸಿನಲ್ಲಿ ಇದೆಂಥ ಹುಚ್ಚು ಅನ್ನಿಸುತ್ತಿತ್ತು. ಆದರೆ ತಾತ ಡಬ್ಬವನ್ನು ಎದೆಗೆ ಒತ್ತಿಕೊಂಡು, ಎಡಭುಜ ವಾಲಿಸಿಕೊಂಡು, ಹಳೆಯ ಟಿಕೆಟ್ ಬ್ಯಾಗನ್ನು ಹಿಡಿದ ಹಾಗೆಯೇ ಹಿಡಿದು ನಡೆದದ್ದನ್ನು ನೋಡಿ ಬಾಯಿ ಮುಚ್ಚಿಕೊಂಡೆ.

ಮನೆಯಲ್ಲಿ ಅಮ್ಮ ಡಬ್ಬದ ಮುಚ್ಚಳ ತೆಗೆದು ನೋಡಿದರು. ಇನ್ನೊಂದು ಬೈಗುಳ ಕಾದಿದೆ ಅಂದುಕೊಂಡೆ.

"ಖಾಲಿ ಪಾತ್ರೆ ಕಳಿಸ್ತಾರಾ ಯಾರಾದ್ರೂ? ಬುದ್ಧಿ ಬೇಡ್ವಾ?" ಅಂದು ಒಳಗೆ ಹೋಗಿ ಒಂದು ಪೊಟ್ಟಣ ಸಕ್ಕರೆ ತಂದು ಹಾಕಿದರು. ಎಷ್ಟು ಸಿಟ್ಟಿದ್ದರೂ ನಮ್ಮ ಹೆಂಗಸರ ಕೈಯಿಂದ ಖಾಲಿ ಪಾತ್ರೆ ಹೊಸ್ತಿಲು ದಾಟುವುದಿಲ್ಲ.

ಕೊರಿಯರ್‌ನವನು ಸಕ್ಕರೆಗೆ ಒಪ್ಪಲಿಲ್ಲ. ತಿನ್ನುವ ಪದಾರ್ಥ ಆ ದೇಶಕ್ಕೆ ಹೋಗುವುದಿಲ್ಲ, ಡಬ್ಬ ಮಾತ್ರ ಕಳಿಸಿ ಅಂದ. ತಾತ ಸಕ್ಕರೆ ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ ಜೇಬಿನಿಂದ ಪರ್ಸ್ ತೆಗೆದು ಅದರ ಒಳಗಿನ ಅರೆಯಿಂದ ಒಂದು ಹಳೇ ಬಸ್ ಟಿಕೆಟ್ ಹೊರತೆಗೆದರು. ತೆಳ್ಳಗೆ, ಬಣ್ಣ ಹೋದದ್ದು, ಮೇಲೆ ಕನ್ನಡ ಅಕ್ಷರ. ಸರ್ವೀಸಿನ ಕೊನೆಯ ಟ್ರಿಪ್ಪಿನಲ್ಲಿ ತಾವೇ ದುಡ್ಡು ಕೊಟ್ಟು ತಮಗೆ ಹರಿದುಕೊಂಡದ್ದಂತೆ.

"ಇದು ತಿನ್ನೋದಲ್ಲವಲ್ಲ?" ಎಂದು ಕೊರಿಯರ್‌ನವನನ್ನು ಕೇಳಿ ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿದರು.

ಜೊತೆಗೆ ಒಂದು ಮಾತು ಬರೆಯಲು ಹೇಳಿದರು. ನಾನು ಏನೇನೋ ಸೊಗಸಾಗಿ ಬರೆಯಲು ಹೊರಟಿದ್ದೆ. ಅವರಿಗೆ ಬೇಕಿದ್ದದ್ದು ಒಂದೇ ಮಾತು, ಹೋಲ್ಡಾನ್. ಹತ್ತುವವರು ಇನ್ನೂ ಇದ್ದಾಗ ಕಂಡಕ್ಟರು ಡ್ರೈವರಿಗೆ ಕೂಗುವ ಮಾತು. ಅದಕ್ಕೆ ಸರಿಯಾದ ಫ್ರೆಂಚ್ ನನಗೆ ತೋಚಲಿಲ್ಲ. ಇನ್ನೂ ಒಬ್ಬರು ಇದ್ದಾರೆ, ದಯವಿಟ್ಟು ಗಾಡಿ ನಿಲ್ಲಿಸಿ ಎಂದು ಬರೆದೆ.

ಡಬ್ಬ ಮುಟ್ಟಿತು ಎಂದು ಕಾರ್ಯದರ್ಶಿ ತಿಳಿಸಿದಳು. ಚೀಟಿ ಹಾಕುವ ದಿನ ಮುಂದಿನ ತಿಂಗಳಿತ್ತು. ಅಷ್ಟು ದಿನವೂ ತಾತ ಬೆಳಿಗ್ಗೆ ಎದ್ದವರೇ ನಮ್ಮ ಗೇಟಿನ ಮುಂದೆ ನಿಂತು, "ಏನಾದ್ರೂ ಬಂತಾ ಮಿಸ್?" ಎಂದು ಕೇಳುತ್ತಿದ್ದರು. ನಮ್ಮ ನಾಯಿಗೂ ಅವರ ಬರವು ರೂಢಿಯಾಗಿ ಬೊಗಳುವುದು ಬಿಟ್ಟಿತ್ತು. ಚೀಟಿ ಹಾಕುವ ಭಾನುವಾರಕ್ಕೆ ಇನ್ನೂ ಒಂದು ವಾರವಿರುವಾಗ, ಒಂದು ಮಧ್ಯಾಹ್ನ ಸಾರನ್ನ ಉಂಡು ಮಲಗಿದವರು ಏಳಲಿಲ್ಲ.

ನಾನು ಹೋದಾಗ ಅಂಗಳದಲ್ಲಿ ಜನ ತುಂಬಿದ್ದರು. ಅವರನ್ನು ಎಣಿಸುವವರು ಇರಲಿಲ್ಲ. ಅದೊಂದು ನನಗೆ ತಡೆದುಕೊಳ್ಳಲಾಗಲಿಲ್ಲ. ಮನೆಗೆ ಬಂದು ನಾನೂ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿನಲ್ಲೇ ಕೂತು ಕೋರ್ವಿಯೆಲ್‌ಗೆ ಎರಡು ಸಾಲು ಬರೆದೆ. ಡಬ್ಬ ಕಳಿಸಿದವರು ಇಂದು ತೀರಿಕೊಂಡರು. ಊರಿನ ಹೆಸರು ಉಳಿಯಬೇಕೆಂದು ಅವರಿಗೆ ಬಹಳ ಆಸೆ ಇತ್ತು.

ಹನ್ನೊಂದನೇ ದಿನದ ಕಾರ್ಯದಲ್ಲಿ ಮನೆ ಮುಂದೆ ಶಾಮಿಯಾನ ಹಾಕಿದ್ದರು. ಡೆಲಿವರಿ ಹುಡುಗರು ಆರ್ಡರ್ ಬಿಟ್ಟು ಬಂದು ಎಲೆ ಹಾಕುತ್ತಿದ್ದರು. ಆಗ ನನ್ನ ಫೋನಿಗೆ ಕಾರ್ಯದರ್ಶಿಯ ಉದ್ದನೆಯ ಈಮೇಲ್ ಬಂತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಮೊಮ್ಮಗಳು. "ಕೋರ್ವಳ್ಳಿಯಿಂದ ಬಂದಿದೆ" ಅಂದೆ. "ಓದಿ" ಅಂದರು.

ನಾನು ಒಂದೊಂದೇ ಸಾಲು ಕನ್ನಡ ಮಾಡಿ ಹೇಳುತ್ತಾ ಹೋದೆ.

ಅವರ ಊರಿನ ಮತಪೆಟ್ಟಿಗೆ ಒಡೆದಿತ್ತಂತೆ. ಇನ್ನೊಂದು ಬೇಕಾದರೆ ಕೆಳಗಿನ ಪಟ್ಟಣದವರನ್ನು ಕೇಳಬೇಕು. ಸೇರಬೇಕೋ ಬೇಡವೋ ಎಂದು ಕೇಳಲು ಅವರದೇ ಪೆಟ್ಟಿಗೆ ತರುವುದು ಮೇಯರಿಗೆ ಮರ್ಯಾದೆ ಅನ್ನಿಸಲಿಲ್ಲ. ಕಚೇರಿಯಲ್ಲಿ ಮುಚ್ಚಳವಿರುವ ಪಾತ್ರೆ ಅಂದರೆ 'ಮೂಡಲಪಾಳ್ಯದವರಿಂದ' ಎಂದು ಕೆತ್ತಿದ್ದ ಸ್ಟೀಲ್ ಡಬ್ಬ ಒಂದೇ. ಇಡೀ ಊರು ಸಾಲಾಗಿ ಬಂದು ಅದರೊಳಗೆ ಚೀಟಿ ಹಾಕಿತು. ಎಣಿಸಿದರೆ ಸೇರಬೇಕು ಅನ್ನುವವರೂ ಬೇಡ ಅನ್ನುವವರೂ ಸರಿಸಮ. ಮೇಯರು ಡಬ್ಬವನ್ನು ಬೋರಲು ಹಾಕಿ ತಟ್ಟಿದರು. ತಳಕ್ಕೆ ಅಂಟಿದ್ದ ಒಂದು ತೆಳ್ಳನೆಯ ಕಾಗದ ಉದುರಿತು, ಯಾರಿಗೂ ಓದಲು ಬಾರದ ಅಕ್ಷರದ್ದು.

ದೊಡ್ಡ ಗಲಾಟೆಯಾಯಿತಂತೆ. ಇದು ಚೀಟಿಯೇ ಅಲ್ಲ, ಹಾಕಿದವನು ಊರಿನವನೂ ಅಲ್ಲ, ಬದುಕಿಯೂ ಇಲ್ಲ ಎಂದು ಪಟ್ಟಣಕ್ಕೆ ಸೇರಬೇಕು ಅನ್ನುವವರು ಎದ್ದು ನಿಂತರು. ಆಗ ಹೂವಿನ ಬಹುಮಾನದ ಅಜ್ಜಿ ಕೋಲೂರಿಕೊಂಡು ಎದ್ದು, ನಾನು ಬದುಕಿದ್ದಾಗಲೇ ನನಗಾಗಿ ಸ್ನಾನ ಮಾಡಿದವನು ಊರಿನವನಲ್ಲದೆ ಇನ್ನೇನು ಎಂದು ಕೇಳಿದರು. ಮೇಯರು ದನ ಸಾಕುವ ಮನುಷ್ಯ, ನಿಧಾನಿ. ಟಿಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರಲ್ಲಿ ಸೇರಬೇಕು ಎಂದು ಎಲ್ಲೂ ಬರೆದಿಲ್ಲ, ಅಷ್ಟು ಮಾತ್ರ ಖಂಡಿತ ಅಂದರು. ಊರು ಸದ್ಯಕ್ಕೆ ಹಾಗೇ ಇರಲಿ ಎಂದು ನಡಾವಳಿ ಬರೆದರು.

"ಅಂದ್ರೆ ಹೆಸರು ಉಳೀತಾ ಮಿಸ್?" ಎಂದು ಮೊಮ್ಮಗಳು ಕೇಳಿದಳು.

"ಉಳೀತು" ಅಂದೆ. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಇನ್ನೂ ಇದೆಯಾ?" ಎಂದು ಕೇಳಿದರು.

ಇನ್ನೂ ಸ್ವಲ್ಪ ಇತ್ತು. ಕಾರ್ಯದರ್ಶಿ ಬರೆದಿದ್ದಳು. ನಿಮ್ಮ ಸುದ್ದಿ ಬಂದ ದಿನ ಇಲ್ಲಿ ಬೆಳಗಿನಿಂದ ಹಿಮ ಬೀಳುತ್ತಿತ್ತು. ನಾನು, ಮೇಯರು ಮತ್ತು ಅಜ್ಜಿ, ಮೂವರೂ ನಮ್ಮ ನಮ್ಮ ಮನೆಗಳಲ್ಲಿ ತಲೆಗೆ ಸ್ನಾನ ಮಾಡಿದೆವು. ನೀವು ತಿಳಿಸಿದ್ದ ನಿಯಮದಂತೆ ತಣ್ಣೀರಿನಲ್ಲೇ ಮಾಡಿದ್ದೇವೆ. ಅಜ್ಜಿಗೆ ವಯಸ್ಸಾಗಿದೆ, ಬೇಡ ಎಂದು ಹೇಳಿದೆವು, ಅವರು ಕೇಳಲಿಲ್ಲ.

ಒರಗಿ ಕೂತಿದ್ದ ಅಮ್ಮ ದಡಕ್ಕನೆ ನೆಟ್ಟಗಾದರು. ಹನ್ನೊಂದು ದಿನ ಎಲ್ಲರೆದುರು ಗಟ್ಟಿಯಾಗಿದ್ದ ಹೆಂಗಸಿನ ಕಣ್ಣಲ್ಲಿ ಆಗ ನೀರು ಸುರಿಯತೊಡಗಿತು.

"ಅಯ್ಯೋ ಶಿವನೇ, ಆ ಚಳೀಲಿ. ಆ ಮುದುಕಿ. ಮಿಸ್, ಬರೀರಿ ಈಗ್ಲೇ. ತಣ್ಣೀರು ನಿಯಮ ಅಲ್ಲ, ಸಿಟ್ಟಲ್ಲಿ ನಾನು ಹೇಳಿದ್ದು ಅಂತ ಬರೀರಿ. ತಲೆ ಚೆನ್ನಾಗಿ ಒರೆಸ್ಕೊಂಡ್ರಾ ಅಂತ ಕೇಳಿ."

"ಬರೀತೀನಿ ಅಮ್ಮ."

"ಇನ್ಮೇಲೆ ಈ ಮನೇಲಿ ಅವರಿಗೂ ಬಿಸಿನೀರೇ ಅಂತ ಬರೀರಿ" ಅಂದರು.

ಹೊರಗೆ ಎರಡನೇ ಪಂಕ್ತಿಗೆ ಎಲೆ ಬೀಳುತ್ತಿತ್ತು. ನಾನು ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತು ಬರೆಯಲು ಶುರುಮಾಡಿದೆ.